ಹದಿನಾಲ್ಕು ಸಹಿಗಳು

ಯಡಿಯೂರು, ಬೆಂಗಳೂರು
18 ಸೆಪ್ಟೆಂಬರ್ 2024

ಪ್ರೀತಿಯ ಶ್ರೀದೇವಿ ಮೇಡಂ,

ನಾನು ಹಂಸಾ. ಜಯನಗರದ ಲ್ಯಾಬಿನಲ್ಲಿ ನಿಮ್ಮ ಪಕ್ಕದ ಕುರ್ಚಿಯವಳು. ರಕ್ತ ತೆಗೆಯುವಾಗ ರೋಗಿಗಿಂತ ಜೋರಾಗಿ 'ಅಯ್ಯೋ' ಎಂದು ನಿಮ್ಮಿಂದ ಬೈಸಿಕೊಳ್ಳುತ್ತಿದ್ದವಳು. ನಿಮ್ಮ ಫೋನ್ ನಂಬರ್ ಚಾಲ್ತಿಯಲ್ಲಿಲ್ಲ. ನೀವು ನಮ್ಮ ವಾಟ್ಸಾಪ್ ಗುಂಪು ಬಿಟ್ಟು ಹೋಗಿ ಎರಡೂವರೆ ವರ್ಷವಾಯಿತು. ನಿಮಗೆ ಸರ್ಟಿಫಿಕೇಟ್ ಕಳಿಸಿದ ಹಳೆಯ ಕೊರಿಯರ್ ಪುಸ್ತಕದಲ್ಲಿ ಈ ಹೊಸಪೇಟೆ ವಿಳಾಸ ಸಿಕ್ಕಿತು. ಅಂಚೆ ಕಚೇರಿಯಲ್ಲಿ ಕವರ್ ಕೇಳಿದರೆ ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈ ವಿಷಯವನ್ನು ಫೋನಿನಲ್ಲಿ ಬರೆಯಲು ನನಗೆ ಭಯ. ನಮ್ಮಲ್ಲಿ ಯಾರ ಮೆಸೇಜು ಯಾರ ಕೈಗೆ ಹೋಗುತ್ತದೆಂದು ನಿಮಗೇ ಗೊತ್ತು.

ಮದುವೆಯಾದ ಮೇಲೆ ಹೇಗಿದ್ದೀರಿ? ನಿಮ್ಮವರು ಏನು ಕೆಲಸದಲ್ಲಿದ್ದಾರೆ? ನಿಮ್ಮ ತಾಯಿ ಶಿವಬಸಮ್ಮನವರು ಕಟ್ಟಿ ಕಳಿಸುತ್ತಿದ್ದ ಶೇಂಗಾ ಹೋಳಿಗೆಯನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ನಮ್ಮ ಅರ್ಪಿತ ಬಡ್ತಿ ಪಡೆದು ಎಚ್‌ಆರ್‌ಗೆ ಹೋಗಿದ್ದಾಳೆ, ನಡಿಗೆಯೇ ಬದಲಾಗಿದೆ. ವಿಷ್ಣು ಅಂತ ಹುಡುಗ ಬಂದಿದ್ದಾನೆ, ಯಾವ ಪರೀಕ್ಷೆಗೆ ಯಾವ ಬಣ್ಣದ ಮುಚ್ಚಳದ ಟ್ಯೂಬ್ ಎಂದು ಅವನಿಗೆ ಹೇಳಿಕೊಟ್ಟಿದ್ದು ನಾನು.

ಸುತ್ತಿ ಬಳಸಿ ಬರೆಯುತ್ತಿದ್ದೇನೆ ಅಲ್ಲವೇ? ಬರೆದುಬಿಡುತ್ತೇನೆ. ನಮ್ಮ ವಿಭಾಗಕ್ಕೆ ಇನ್‌ಚಾರ್ಜ್ ಹುದ್ದೆ ಖಾಲಿಯಾಯಿತು. ಆರು ವರ್ಷದ ಅನುಭವ ನನಗಿದೆ, ಕೇಳಿದೆ. ಮ್ಯಾನೇಜರ್ ಕೈಲಾಸ್ ಸರ್ ನಕ್ಕರು. "ಹೆಂಗಸ್ರಿಗೆ ಇನ್‌ಚಾರ್ಜ್ ಕೊಟ್ರೆ ನೈಟ್ ಮಾಡಲ್ಲ ಅಂತೀರ, ಆಮೇಲೆ ಮದ್ವೆ, ಹೆರಿಗೆ ಅಂತೀರ. ವಿಷ್ಣುಗೆ ಕೊಡೋಣ ಅಂತಿದೀನಿ. ಆದ್ರೆ ನಿನ್ ವಿಷಯ ಬೇರೆ, ಯೋಚ್ನೆ ಮಾಡ್ಬೋದು" ಎಂದರು. ಅದೇ ಮಧ್ಯಾಹ್ನ, ಆಗಸ್ಟ್ ಆರು, ಕೋಲ್ಡ್ ರೂಮಿನಲ್ಲಿ ಸ್ಯಾಂಪಲ್ ಜೋಡಿಸುತ್ತಿದ್ದೆ. ಹಿಂದಿನಿಂದ ಬಂದು ಬಾಗಿಲು ಎಳೆದುಕೊಂಡರು. ಸೊಂಟ ಹಿಡಿದು, "ಚಳಿ ಆಗ್ತಿದ್ಯಾ?" ಎಂದರು. ನನ್ನ ಕೈಯಲ್ಲಿದ್ದ ಟ್ರೇ ಬಿತ್ತು. "ತಮಾಷೆಗೆ ಇಷ್ಟು ಹೆದರ್ಕೋತೀಯಲ್ಲ" ಎಂದು ಹೊರಗೆ ಹೋದರು.

ಅಂದಿನಿಂದ ಬಾಗಿಲು ಮುಚ್ಚದಂತೆ ಕುರ್ಚಿ ಅಡ್ಡ ಇಟ್ಟೇ ಆ ಕೋಣೆಗೆ ಹೋಗುತ್ತೇನೆ. ನೀವು ಅವರ ಕೈಕೆಳಗೆ ಎಂಟು ವರ್ಷ ಇದ್ದವರು. ನಿಮ್ಮ ಹೆಸರೆತ್ತಿದರೆ ಅವರು ಈಗಲೂ 'ಒಳ್ಳೆ ಹುಡುಗಿ' ಎನ್ನುತ್ತಾರೆ. ಅವರ ಗುಣ ನಿಮಗೆ ಗೊತ್ತಿರುತ್ತದೆ. ನಾನು ಹಗ್ಗ ನೋಡಿ ಹಾವು ಎಂದುಕೊಂಡೆನೇ? ನೀವು ಏನು ಹೇಳಿದರೂ ಕೇಳುತ್ತೇನೆ.

ನಿಮ್ಮ
ಹಂಸಾ


ಹೊಸಪೇಟೆ
30 ಸೆಪ್ಟೆಂಬರ್ 2024

ಹಂಸಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಅದು ಹಾವೇ.

ಆಗಸ್ಟ್ ಆರರ ಘಟನೆಗೆ ನವೆಂಬರ್ ಆರರೊಳಗೆ ದೂರು ಬರೆದು ಕೊಡಬೇಕು. ಮೂರು ತಿಂಗಳ ಗಡುವು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗಬಹುದು, ಅದನ್ನು ನಂಬಿ ಕೂರಬೇಡಿ. ಕಂಪನಿಯಲ್ಲಿ ಇದಕ್ಕೆಂದೇ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಹೆಂಗಸು ಅಧ್ಯಕ್ಷೆ, ಹೊರಗಿನ ಒಬ್ಬರು ಸದಸ್ಯರು. ಹೆಸರುಗಳು ನೋಟಿಸ್ ಬೋರ್ಡಿನಲ್ಲಿರಬೇಕು, ಹುಡುಕಿ. ದೂರಿನಲ್ಲಿ 'ಅನುಚಿತವಾಗಿ ವರ್ತಿಸಿದರು' ಎಂದು ಬರೆಯಬೇಡಿ. ಕೈ ಎಲ್ಲಿಟ್ಟರು ಎಂದು ಬರೆಯಿರಿ. ಅವರಾಡಿದ ಮಾತನ್ನು ಅವರಾಡಿದಂತೆಯೇ ಬರೆಯಿರಿ. ಹುದ್ದೆಯ ಆಸೆ ತೋರಿಸಿದ್ದನ್ನು ಮೊದಲು ಬರೆಯಿರಿ, ಆಮೇಲೆ ಮುಟ್ಟಿದ್ದು. ಆಸೆ ತೋರಿಸಿ ಮುಟ್ಟುವುದೂ ಲೈಂಗಿಕ ಕಿರುಕುಳದ ಕಾನೂನಿನೊಳಗೇ ಬರುತ್ತದೆ.

ನನ್ನ ಹೆಸರನ್ನು ಎಲ್ಲಿಯೂ ತರಬೇಡಿ.

ನನಗೆ ಮದುವೆಯಾಗಿಲ್ಲ. ಆ ಸುದ್ದಿ ಹೇಳಿದವರನ್ನೇ ನನ್ನ ಗಂಡ ಏನು ಕೆಲಸದಲ್ಲಿದ್ದಾನೆಂದು ಕೇಳಿ.

ಶ್ರೀದೇವಿ


ಯಡಿಯೂರು
9 ಅಕ್ಟೋಬರ್ 2024

ಶ್ರೀದೇವಿ ಮೇಡಂ,

ನನಗೆ 'ಹಂಸಾ ಅವರಿಗೆ' ಅಂತ ಬರೆದಿದ್ದೀರಿ. ಲೇ ಹಂಸಾ ಎಂದು ಕೂಗಿದ ಬಾಯಿ ಅದೇನಾ ಎಂದು ಎರಡು ಸಲ ಓದಿದೆ. ಏನು ತಪ್ಪು ಮಾಡಿದೆನೋ ತಿಳಿಯಲಿಲ್ಲ. ಮದುವೆ ವಿಷಯ ಕೆದಕಿದ್ದಕ್ಕೆ ಕ್ಷಮಿಸಿ. ನಿಂತುಹೋದ ಸಂಬಂಧ ಇರಬೇಕು, ಗಾಯಕ್ಕೆ ಕೈ ಹಾಕಿದೆ.

ನೀವು ಹೇಳಿದ ನೋಟಿಸ್ ಕೊನೆಗೂ ಸಿಕ್ಕಿತು, ಶಿಫ್ಟ್ ಪಟ್ಟಿಯ ಹಿಂದೆ. ಅದರಲ್ಲಿರುವ ಒಬ್ಬರು ಕೆಲಸ ಬಿಟ್ಟೇ ವರ್ಷವಾಗಿದೆ. ಅರ್ಪಿತಳನ್ನು ಗುಟ್ಟಾಗಿ ಕೇಳಿದೆ. "ಒಬ್ಳೇ ಹೋದ್ರೆ ನಿನ್ ಮಾತು ಒಂದು ಕಡೆ, ಅವರ ಮಾತು ಒಂದು ಕಡೆ, ಅಷ್ಟೇ ಕಣೆ. ಹಿಂದೆ ಹೀಗಾಗಿದ್ದೋರು ಇನ್ನೊಬ್ರು ಬಂದು ಹೇಳಿದ್ರೆ ಗಟ್ಟಿ ಆಗತ್ತೆ" ಎಂದಳು. ಗುಟ್ಟಾಗಿ ಎಂದೆನಲ್ಲ, ಮಾರನೆಯ ದಿನವೇ ನನಗೆ ಗೊಟ್ಟಿಗೆರೆಯ ಹೋಮ್ ಕಲೆಕ್ಷನ್ ಹಾಕಿದರು. ಬೆಳಿಗ್ಗೆ ಐದೂವರೆಗೆ ಬನಶಂಕರಿಯಲ್ಲಿ ಬಸ್ಸಿಗೆ ನಿಂತು, ಮನೆಮನೆಗೆ ಹೋಗಿ ರಕ್ತ ತೆಗೆದು ತರಬೇಕು. ಗಂಡಸರಿಗೆ ಆ ರೂಟ್ ವಾರಕ್ಕೊಂದು ದಿನ, ನನಗೆ ದಿನಾ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. "ಕೆಸರಿಗೆ ಕಲ್ಲು ಹಾಕಿದ್ರೆ ನಮ್ ಮುಖಕ್ಕೇ ಸಿಡಿಯೋದು. ಬೇರೆ ಕಡೆ ಕೆಲ್ಸ ನೋಡ್ಕೋ ಹಂಸಾ, ಗಂಡಿನ ಕಡೆಯವ್ರಿಗೆ ಗೊತ್ತಾದ್ರೆ ನಾನೇನ್ ಹೇಳ್ಲಿ?" ಎಂದು ಅತ್ತಳು. ಅಳಬೇಕಾದವಳು ನಾನು, ಕಾಫಿ ಮಾಡಿಕೊಟ್ಟು ಸಮಾಧಾನ ಮಾಡಿದವಳೂ ನಾನು.

ನಿಮ್ಮ ಪತ್ರವನ್ನು ಓದಿ ಓದಿ ನನಗೊಂದು ಅನುಮಾನ ಬಂದಿದೆ. ಕಾನೂನು ಅಷ್ಟು ಚೆನ್ನಾಗಿ ನಿಮಗೆ ಹೇಗೆ ಗೊತ್ತು? ನಿಮಗೂ ಆಗಿತ್ತೇ? ಆಗಿದ್ದರೆ ನನ್ನ ಪರವಾಗಿ ಒಂದು ಮಾತು ಬಂದು ಹೇಳುತ್ತೀರಾ? ಹೆಸರು ತರಬೇಡಿ ಎಂದಿದ್ದೀರಿ, ಆದರೂ ಕೇಳುತ್ತಿದ್ದೇನೆ. ನಾವೆಲ್ಲ ನಿಮ್ಮನ್ನು ಎಷ್ಟು ಹಚ್ಚಿಕೊಂಡಿದ್ದೆವು! ನೀವು ಹೋಗುವ ದಿನ ಗೋಡೆ ಗಡಿಯಾರ ಕೊಟ್ಟು, ಭಾಷಣ ಮಾಡಿ, ಅತ್ತಿದ್ದು ನಾನೇ. ನೀವು ಕೇಕ್ ಮುಟ್ಟಲಿಲ್ಲ. ಗಂಡನ ಮನೆಗೆ ಹೋಗುವ ಸಂಕಟ ಎಂದು ನಾವು ರೇಗಿಸಿದೆವು.

ಹಂಸಾ


ಹೊಸಪೇಟೆ
17 ಅಕ್ಟೋಬರ್ 2024

ಹಂಸಾ ಅವರೇ,

ಆ ಗಡಿಯಾರವನ್ನು ಅಂದೇ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು ಬಂದೆ.

ಕೇಳಿದ್ದೀರಿ, ಹೇಳುತ್ತೇನೆ. 2022ರ ಜನವರಿ. ಕೆಲಸ ಮುಗಿದ ಮೇಲೆ ಡ್ರಾಪ್ ಕೊಡುತ್ತೇನೆಂದು ಕೈಲಾಸ್ ಕಾರು ಹತ್ತಿಸಿಕೊಂಡರು. ಸಾರಕ್ಕಿ ಸಿಗ್ನಲ್ಲಿನಲ್ಲಿ ವಾಹನಗಳು ಕದಲುತ್ತಿರಲಿಲ್ಲ. ಸುತ್ತ ನೂರು ಜನ, ಕಾರಿನ ಬಾಗಿಲು ಲಾಕ್. ಅವರ ಕೈ ನನ್ನ ತೊಡೆಯ ಮೇಲಿತ್ತು, ನಾನು ತೆಗೆದಷ್ಟು ಸಲವೂ ಮತ್ತೆ ಬಂತು. ಸಿಗ್ನಲ್ ಮೂರು ಸಲ ಹಸಿರಾಯಿತು. ಆ ಲೆಕ್ಕ ನನಗೆ ಇನ್ನೂ ನೆನಪಿದೆ.

ಫೆಬ್ರವರಿಯಲ್ಲಿ ಜೆ.ಪಿ. ನಗರದ ಹೆಡ್ ಆಫೀಸಿಗೆ ದೂರು ಬರೆದುಕೊಟ್ಟೆ. ಎರಡು ವಾರದ ನಂತರ ಕರೆಸಿದರು. ಸಮಿತಿಯೂ ಇಲ್ಲ, ವಿಚಾರಣೆಯೂ ಇಲ್ಲ. ಮೇಜಿನ ಮೇಲೆ ಒಂದು ಹಾಳೆ ಇಟ್ಟರು. 'ಕೈಲಾಸ್ ಸರ್ ನಮಗೆಲ್ಲ ಅಣ್ಣನಂತೆ. ಅವರ ಮೇಲೆ ನಮಗೆ ಯಾವ ದೂರೂ ಇಲ್ಲ.' ಕೆಳಗೆ ನಮ್ಮ ಲ್ಯಾಬಿನ ಹೆಂಗಸರ ಹದಿನಾಲ್ಕು ಸಹಿಗಳು. "ಹದಿನಾಲ್ಕು ಜನಕ್ಕೆ ಅಣ್ಣ ಆದೋರು ನಿಮಗೊಬ್ರಿಗೆ ಮಾತ್ರ ಯಾಕೆ ಹೀಗಾದ್ರು ಮೇಡಂ?" ಎಂದು ಕೇಳಿದರು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತೇನೆಂದು ಬರೆಸಿಕೊಂಡರು. ಲ್ಯಾಬಿನಲ್ಲಿ ಮದುವೆ ಎಂದು ಹೇಳೋಣ, ನಿಮಗೂ ಮರ್ಯಾದೆ ಎಂದರು. ನಾನು ಒಪ್ಪಿದೆ.

ಸಹಿಗಳನ್ನು ಒಂದೊಂದಾಗಿ ಓದಿದೆ. ಆರನೆಯದು ನಿಮ್ಮದು. ಹೆಸರಿನ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಡುತ್ತೀರಲ್ಲ, ಗುರುತು ಹಿಡಿಯಲು ಕಷ್ಟವಾಗಲಿಲ್ಲ.

ಈಗ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದೀರಿ. ನಾಚಿಕೆಯಾಗುವುದಿಲ್ಲವೇ?

ಶ್ರೀದೇವಿ


ಯಡಿಯೂರು
22 ಅಕ್ಟೋಬರ್ 2024

ಮೇಡಂ,

ನಿಮ್ಮ ಕಾಗದ ಈಗಷ್ಟೇ ಕೈಸೇರಿತು. ದೇವರಾಣೆ ನನಗೆ ಗೊತ್ತಿರಲಿಲ್ಲ. ಅದು ಲ್ಯಾಬ್ ತಪಾಸಣೆಯ ಆಡಿಟ್ ವಾರ. ನಿಮಗೇ ಗೊತ್ತಲ್ಲ, ಪ್ರತಿ ಪರೀಕ್ಷೆ ಹೇಗೆ ಮಾಡಬೇಕೆಂದು ಬರೆದ ಹಾಳೆಗಳ ಕಟ್ಟು ಬರುತ್ತದೆ. ಒಂದೊಂದರ ಕೊನೆಯಲ್ಲೂ 'ಓದಿ ಅರ್ಥಮಾಡಿಕೊಂಡಿದ್ದೇನೆ' ಎಂದು ಸಹಿ ಹಾಕಬೇಕು. ಯಾರು ಓದುತ್ತಾರೆ? ಮೂವತ್ತು ನಲವತ್ತು ಹಾಳೆ, ನಿಂತಲ್ಲೇ ಸಹಿ ಹಾಕಿ ಮುಂದಿನವರಿಗೆ ದಾಟಿಸುವುದು. ನೀವೂ ಹಾಗೇ ಮಾಡುತ್ತಿದ್ದಿರಿ. ಆ ಕಟ್ಟಿನೊಳಗೆ ಇದನ್ನೂ ಸೇರಿಸಿದ್ದಾರೆ. ಅಷ್ಟೇ ನಡೆದದ್ದು. ನಂಬಿ ಮೇಡಂ, ನಿಮ್ಮ ವಿರುದ್ಧ ನಾನು ಸಹಿ ಮಾಡುವವಳೇ?

ಹಂಸಾ


ಯಡಿಯೂರು
25 ಅಕ್ಟೋಬರ್ 2024

ಶ್ರೀದೇವಿ ಮೇಡಂ,

ಮೊನ್ನೆಯ ಕಾಗದ ಪೆಟ್ಟಿಗೆಗೆ ಹಾಕಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಅದರಲ್ಲಿ ಬರೆದಿದ್ದು ಅರ್ಧ ನಿಜ.

ಕಟ್ಟಿನೊಳಗೇ ಬಂತು, ನಿಂತಲ್ಲೇ ಸಹಿ ಹಾಕುತ್ತಿದ್ದೆ, ಅದು ನಿಜ. ಆದರೆ ಬೇರೆ ಹಾಳೆಗಳೆಲ್ಲ ಇಂಗ್ಲಿಷ್, ಇದೊಂದು ಕನ್ನಡ. ಕಣ್ಣು ತಾನಾಗಿ ನಿಂತಿತು. 'ಅಣ್ಣನಂತೆ' ಓದಿದೆ. 'ಯಾವ ದೂರೂ ಇಲ್ಲ' ಎಂಬುದನ್ನೂ ಓದಿದೆ. ಯಾರೂ ದೂರು ಕೊಡದಿದ್ದರೆ ದೂರಿಲ್ಲವೆಂದು ಯಾಕೆ ಬರೆಸುತ್ತಾರೆ ಎಂದು ಹೊಳೆಯಿತು. ನೀವು ನಾಲ್ಕು ದಿನದಿಂದ ಯಾರ ಜೊತೆಯೂ ಊಟಕ್ಕೆ ಕೂರುತ್ತಿರಲಿಲ್ಲ, ನಿಮ್ಮ ಕಡೆ ನೋಡಿದೆ. ನೀವು ಬಗ್ಗಿ ಸ್ಲೈಡ್ ನೋಡುತ್ತಿದ್ದಿರಿ. ಕೇಳಬಹುದಿತ್ತು. ಮೂರು ಹೆಜ್ಜೆ ದೂರ. ಕೈಲಾಸ್ ಸರ್ ಗಾಜಿನಾಚೆ ನಿಂತಿದ್ದರು. ಆ ತಿಂಗಳು ನನ್ನನ್ನು ಕಾಯಂ ಮಾಡುವುದಿತ್ತು. ಸಹಿ ಹಾಕಿ ಪಕ್ಕದವಳಿಗೆ ಕೊಟ್ಟೆ. ಆಮೇಲೆ ನಿಮ್ಮ ಮದುವೆಯ ಸುದ್ದಿ ಬಂದಾಗ ನನಗೆಷ್ಟು ಹಗುರವಾಯಿತೆಂದರೆ, ಭಾಷಣ ಮಾಡಲು ನಾನೇ ಮುಂದೆ ಬಿದ್ದೆ.

ಮೊದಲ ಕಾಗದದಲ್ಲಿ ಹಗ್ಗವೋ ಹಾವೋ ಎಂದು ಕೇಳಿದ್ದೆನಲ್ಲ, ಅದೂ ನಾಟಕ ಇರಬೇಕು. ನನಗೆ ಗೊತ್ತಿತ್ತು. ನಿಮ್ಮನ್ನೇ ಯಾಕೆ ಹುಡುಕಿಕೊಂಡು ಬಂದೆ ಇಲ್ಲವಾದರೆ?

ನಾಚಿಕೆಯಾಗುತ್ತಿದೆ. ಸೋಮವಾರ ದೂರು ಕೊಡುತ್ತೇನೆ. ನಿಮ್ಮ ಹೆಸರು ಅದರಲ್ಲಿಲ್ಲ. ಆದರೆ ಆ ಹಾಳೆಗೆ ನಾನು ಸಹಿ ಹಾಕಿದ್ದನ್ನು, ಗೊತ್ತಿದ್ದೂ ಹಾಕಿದ್ದನ್ನು ಬರೆದಿದ್ದೇನೆ. ಅವರು ತೋರಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ಸಾಕ್ಷಿಗೆ ಬನ್ನಿ ಎಂದು ಮತ್ತೆ ಕೇಳುವುದಿಲ್ಲ. ಒಬ್ಬಳೇ ಹೋದರೆ ಸೋಲಬಹುದು, ಸೋಲುತ್ತೇನೆ.

ಹಂಸಾ


ಹೊಸಪೇಟೆ
4 ನವೆಂಬರ್ 2024

ಹಂಸಾ ಅವರೇ,

ಗೊತ್ತಿರಲಿಲ್ಲ ಎಂಬ ನಿಮ್ಮ ಕಾಗದ ಮೊದಲು ಬಂತು. ಹರಿದು ಒಲೆಗೆ ಹಾಕಿದೆ. ನನ್ನವ್ವ ನೋಡಿ, "ಯಾರದವ್ವಾ ಅದು, ಅಷ್ಟು ಸಿಟ್ಟು?" ಎಂದಳು. ದೀಪಾವಳಿ ರಜೆ ಮುಗಿದು ಇವತ್ತು ಎರಡನೆಯದು ಬಂತು. ಇದನ್ನು ಓದಿಯೂ ಸಿಟ್ಟು ಬಂತು. ಆದರೆ ಇದನ್ನು ಹರಿಯಲಿಲ್ಲ.

ಎರಡೂವರೆ ವರ್ಷ ನಾನು ಒಂದನ್ನೇ ಯೋಚಿಸಿದ್ದೇನೆ. ಆ ಹದಿನಾಲ್ಕು ಜನರಲ್ಲಿ ಒಬ್ಬರಿಗಾದರೂ ಗೊತ್ತಿತ್ತೇ, ಇಲ್ಲವೇ? ಗೊತ್ತಿರಲಿಲ್ಲ ಎಂದಾದರೆ ನಾನು ಬರೀ ದುರದೃಷ್ಟದವಳು. ಗೊತ್ತಿತ್ತು ಎಂದಾದರೆ ನಾನು ಹುಚ್ಚಿಯಲ್ಲ. ನೀವು ಗೊತ್ತಿತ್ತು ಎಂದಿರಿ. ಅಡುಗೆಮನೆಯಲ್ಲಿ ಕೂತು ಅತ್ತೆ.

ವಿಚಾರಣೆ ಯಾವತ್ತೆಂದು ತಿಳಿಸಿ, ಬರುತ್ತೇನೆ. ಸಮಿತಿಗೆ ನನ್ನ ಹೆಸರು ಕೊಡಿ. ನಾನು ನಿಮ್ಮನ್ನು ಕ್ಷಮಿಸಿ ಬರುತ್ತಿದ್ದೇನೆಂದು ತಿಳಿಯಬೇಡಿ. ಕ್ಷಮಿಸಿಲ್ಲ. ನಾನು ನಿಲ್ದಾಣಕ್ಕೆ ಹೋಗಿ ಬರಲು ಗಾಡಿ, ಊಟ ಅಂತ ಏನೂ ಏರ್ಪಾಡು ಮಾಡಬೇಡಿ.

ಶ್ರೀದೇವಿ


ಯಡಿಯೂರು
27 ಜನವರಿ 2025

ಶ್ರೀದೇವಿ ಮೇಡಂ,

ಡಿಸೆಂಬರ್ ಐದರ ವಿಚಾರಣೆಯಂದು ನೀವು ಒಳಗಿನಿಂದ ಬಂದವರು ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋದಿರಿ. ಅದಕ್ಕೆ ಮೊದಲು ಅರ್ಧ ಗಂಟೆ ಒಂದೇ ಬೆಂಚಿನಲ್ಲಿ ಕೂತಿದ್ದೆವು, ನಡುವೆ ನಿಮ್ಮ ಚೀಲ ಇಟ್ಟುಕೊಂಡಿದ್ದಿರಿ. ಒಬ್ಬೊಬ್ಬರನ್ನೇ ಕರೆದು ಕೇಳಿದ್ದರಿಂದ ನೀವು ಒಳಗೆ ಏನು ಹೇಳಿದಿರೋ ನನಗೆ ಗೊತ್ತಿಲ್ಲ. ನನ್ನ ವಿಷಯವಾಗಿ ಕಟುವಾಗಿಯೇ ಹೇಳಿರುತ್ತೀರಿ. ಹೇಳಿದ್ದರೆ ಅದು ನ್ಯಾಯವೇ.

ನನ್ನ ಸರದಿ ಬಂದಾಗ ಹೊರಗಿನ ಸದಸ್ಯೆ, ಆ ಬಿಳಿಕೂದಲಿನ ವಕೀಲರು, ಹದಿನಾಲ್ಕು ಸಹಿಯ ಹಾಳೆಯನ್ನು ನನ್ನ ಮುಂದಿಟ್ಟರು. "ಆಗ ಅಣ್ಣ ಅಂದ್ರಿ, ಈಗ ಹೀಗಂತೀರಿ. ಯಾವುದಮ್ಮ ಸುಳ್ಳು?" ಎಂದರು. "ಸಹಿ ಸುಳ್ಳು ಮೇಡಂ. ನಂಗೊತ್ತಿದ್ದೇ ಹಾಕ್ದೆ" ಎಂದೆ. ಅಳು ಬರಲಿಲ್ಲ.

ಕಳೆದ ವಾರ ವರದಿ ಬಂತು. ದೂರು ಸಾಬೀತಾಗಿದೆ. ಕೈಲಾಸ್ ಕೆಲಸದಿಂದ ಹೋದರು. ನೋಟಿಸಿನಲ್ಲಿ 'ವೈಯಕ್ತಿಕ ಕಾರಣ' ಎಂದು ಹಾಕಿದ್ದಾರೆ. ಓದಿ ಮೈ ಉರಿಯಿತು. ಇನ್‌ಚಾರ್ಜ್ ಹುದ್ದೆ ವಿಷ್ಣುವಿಗೇ ಹೋಯಿತು. ಯಾರಿಗೆ ಬಡ್ತಿ ಕೊಡಬೇಕೆಂಬುದು ಸಮಿತಿಯ ಕೆಲಸವಲ್ಲವಂತೆ. "ಮೇಡಂ, ಈ ಮಷೀನ್ ಕ್ಯಾಲಿಬ್ರೇಶನ್ ಹೆಂಗೆ?" ಎಂದು ಅವನು ದಿನಾ ನನ್ನನ್ನೇ ಕೇಳುತ್ತಾನೆ, ಪಾಪ. ನನಗೆ ಒಂದು ಮೆಮೊ ಬಂದಿದೆ, ಉಳಿದ ದಾಖಲೆಗಳನ್ನು ಓದದೆ ಸಹಿ ಮಾಡುತ್ತಿದ್ದೆ ಎಂದು ದೂರಿನಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಕಾರಣ ಕೇಳಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮ ಮಾತ್ರ ಈ ಸಲ ಅಳಲಿಲ್ಲ. "ಉತ್ತರ ಬರಿ, ನಾನು ಓದ್ತೀನಿ" ಎಂದಳು.

ಒಂದು ವಿಷಯ ನನಗೆ ಅರ್ಥವಾಗಿಲ್ಲ. ನಮ್ಮ ವಿಚಾರಣೆಯಾದ ಮೇಲೆ ಸಮಿತಿಯವರು ಆ ಹಾಳೆಯ ಉಳಿದ ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಕರೆಸಿದರಂತೆ. ಕೆಲಸ ಬಿಟ್ಟು ಹೋದವರಿಗೂ ಪತ್ರ ಹೋಯಿತಂತೆ. ಅವರಲ್ಲಿ ನಾಲ್ವರು ಬಾಯಿ ಬಿಟ್ಟಿದ್ದಾರೆಂದು ವರದಿಯಲ್ಲಿದೆ. ಅದರಿಂದಲೇ ಪ್ರಕರಣ ಗಟ್ಟಿಯಾಗಿದ್ದು. ನಾನು ದೂರಿನಲ್ಲಿ ನನ್ನ ಸಹಿಯ ಬಗ್ಗೆ ಮಾತ್ರ ಬರೆದಿದ್ದೆ. ಅರ್ಧಕ್ಕರ್ಧ ಸಹಿಗಳು ಬರೀ ಗೀಚು, ಯಾರದೆಂದು ನನಗೇ ತಿಳಿಯುವುದಿಲ್ಲ. ಅವರನ್ನೆಲ್ಲ ಹೇಗೆ ಹುಡುಕಿದರೋ.

ನೀವು ಬಂದಿದ್ದಕ್ಕೆ ಥ್ಯಾಂಕ್ಸ್ ಎನ್ನುವ ಮುಖ ನನಗಿಲ್ಲ. ಬಂದಿರಿ, ಅದನ್ನು ಮರೆಯುವುದಿಲ್ಲ.

ಹಂಸಾ


ಹೊಸಪೇಟೆ
8 ಫೆಬ್ರವರಿ 2025

ಹಂಸಾ,

ಮೆಮೊಗೆ ಉತ್ತರ ಬರೆಯುವಾಗ ತಪ್ಪೊಪ್ಪಿಕೊಂಡು ನಾಲ್ಕು ಸಾಲಿನಲ್ಲಿ ಮುಗಿಸಬೇಡ. ಆಡಿಟ್ ವಾರದಲ್ಲಿ ನಲವತ್ತು ಹಾಳೆಯನ್ನು ನಿಂತಲ್ಲೇ ಸಹಿ ಮಾಡಿಸುವ ಪದ್ಧತಿ ಯಾರದೆಂದು ಕೇಳು. ಹುದ್ದೆಯ ವಿಷಯಕ್ಕೆ ಕಾರ್ಮಿಕ ಇಲಾಖೆಗೆ ಬೇರೆಯಾಗಿ ಬರೆಯಬೇಕು. ಹೆಣ್ಣೆಂದು ಬಡ್ತಿ ತಪ್ಪಿಸುವುದಕ್ಕೆ ಬೇರೆ ಕಾನೂನಿದೆ. ಕರಡು ಮಾಡಿ ಕಳಿಸು, ತಿದ್ದಿಕೊಡುತ್ತೇನೆ.

ಆ ದಿನ ನಿನ್ನ ಮುಖ ನೋಡಲಿಲ್ಲ, ನಿಜ. ನೋಡಿದ್ದರೆ ಅಲ್ಲೇ ಕೂತು ಅಳುತ್ತಿದ್ದೆ, ರೈಲು ತಪ್ಪುತ್ತಿತ್ತು. ಸಿಟ್ಟು ಪೂರ್ತಿ ಹೋಗಿಲ್ಲ. ಹೋಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ.

ಒಳಗೆ ಏನು ಹೇಳಿದೆ ಎಂದು ಯೋಚಿಸುತ್ತಿದ್ದೀಯ. ಹೊರಗೆ ಹೇಳಬಾರದೆಂದು ನಿಯಮವಿದೆ, ಆದರೆ ನಿನಗೆ ಸೇರಿದ ಒಂದು ಮಾತು ಅಲ್ಲಿ ಉಳಿದಿದೆ, ಅದನ್ನು ಕೊಟ್ಟುಬಿಡುತ್ತೇನೆ. ಆ ವಕೀಲರು ನನಗೂ ಅದೇ ಹಾಳೆ ತೋರಿಸಿ, "ಇಷ್ಟು ಜನ ಹೇಳಿದ್ದನ್ನ ಬಿಟ್ಟು ನಿಮ್ಮನ್ನ ಯಾಕಮ್ಮ ನಂಬಬೇಕು?" ಎಂದರು. "ನನ್ನ ನಂಬಬೇಡಿ ಮೇಡಂ. ಇವ್ರನ್ನೇ ಕರೀರಿ. ಒಬ್ಬೊಬ್ರನ್ನೇ, ಮ್ಯಾನೇಜರ್ ಇಲ್ಲದ ಕಡೆ" ಎಂದೆ. "ಇವು ಯಾರ ಸಹಿ ಅಂತಾನೇ ತಿಳೀತಿಲ್ವಲ್ಲ" ಎಂದರು. ಹಾಳೆಯನ್ನು ಅವರ ಕಡೆ ತಿರುಗಿಸಿಟ್ಟು, ನೋಡದೆ, ಒಂದನೆಯದು, ಎರಡನೆಯದು ಎಂದು ಸಾಲಾಗಿ ಹೆಸರುಗಳನ್ನು ಹೇಳುತ್ತಾ ಹೋದೆ. ಎರಡೂವರೆ ವರ್ಷ ದಿನಾ ಮಲಗುವ ಮುಂಚೆ ಹೇಳಿಕೊಂಡ ಹೆಸರುಗಳು, ಅವಕ್ಕೆ ಹಾಳೆ ಬೇಕಿರಲಿಲ್ಲ. ಅವರು ಬರೆದುಕೊಂಡರು. ಆಮೇಲೆ ಎಣಿಸಿ, "ಹದಿಮೂರಾಯ್ತು. ಆರನೇದು ಬಿಟ್ರಿ, ಅದ್ಯಾರು?" ಎಂದು ಕೇಳಿದರು.

"ಅವಳನ್ನ ಕರೆಸೋ ಹಾಗಿಲ್ಲ ಮೇಡಂ" ಎಂದೆ. "ತಾನಾಗೇ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ."

ಶ್ರೀದೇವಿ